ಹಗ್ಗ ಸಡಿಲಿಸುವುದನ್ನೂ ಕಲಿಯೋಣ



ಹಸುವಿಗೆ ಹುಷಾರಿಲ್ಲ ಎಂದು ನೀವು ಫೋನ್ ಮಾಡಿದಾಗ ನಾವು ವೈದ್ಯರು ಕೇಳುವ ಮೊದಲ ಪ್ರಶ್ನೆ "ಏನಾಗಿದೆ?" ಎಂದು. ಎರಡನೆಯದು "ಹಿಡಿಯೋಕೆ ಗಂಡಸರು ಯಾರಾದ್ರೂ ಇದ್ದಾರಾ?" ಎಂದು. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದು ಡೇರಿಗೆ ಹಾಕುವವರು ನೀವು. ಅದೇ ಹಸುವಿಗೆ ಒಂದು ಇಂಜೆಕ್ಷನ್ ಕೊಡಬೇಕೆಂದರೆ ಮಾತ್ರ ಹೊಲಕ್ಕೆ ಹೋದ ಗಂಡಸರು ಬರುವ ತನಕ ಕಾಯಬೇಕು. ಈ ಪ್ರಶ್ನೆ ಕೇಳುವುದನ್ನು ನಾನು ಬಿಟ್ಟು ಕೆಲವು ವರ್ಷಗಳಾದವು. ಯಾಕೆ ಬಿಟ್ಟೆ ಎಂದು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ತಂತಿ ನುಂಗಿದ್ದ ಒಂದು ಎಚ್.ಎಫ್. ಹಸುವನ್ನು ಶಸ್ತ್ರಚಿಕಿತ್ಸೆಗೆ ಸಾಗಿಸಬೇಕಿತ್ತು. ಗೂಡ್ಸ್ ಆಟೊ ಬಂತು, ಹಲಗೆ ಇಟ್ಟರು. ಹಸು ಹತ್ತಲಿಲ್ಲ. ಇಬ್ಬರು ಮುಂದಿನಿಂದ ಮೂಗುದಾರ ಎಳೆದರು, ಒಬ್ಬ ಬಾಲ ತಿರುಚಿದ, ಇನ್ನೊಬ್ಬ ಕೋಲು ಹಿಡಿದ. ನಾನೂ ಪಕ್ಕದಲ್ಲಿ ನಿಂತು "ಎಳೀರಿ, ಎಳೀರಿ" ಎಂದೆ. ಹಸು ಹಿಂದಕ್ಕೆ ಜಗ್ಗಿತು. ಮೂಗು ಹರಿದು ಹಗ್ಗ ಕೈಗೆ ಬಂತು. ಮನೆಯಾಕೆ ಒಂದು ಮಾತೂ ಆಡದೆ ಸೆರಗಿನಿಂದ ಅದರ ಮೂಗು ಒತ್ತಿ ಹಿಡಿದುಕೊಂಡರು.

ಹೊಟ್ಟೆ ವಾಸಿಯಾಯಿತು. ತಿಂಗಳ ಮೇಲೆ ಹೋದಾಗ ಆಕೆ ಹೇಳಿದ್ದು ಇಷ್ಟೇ: "ಜೀವ ಉಳಿಸಿದ್ರಿ ಡಾಕ್ಟ್ರೇ. ಆದ್ರೆ ಈಗ ನಾನು ಕೈ ಚಾಚಿದ್ರೂ ಬೆದರ್ತಾಳೆ." ಆ ತಪ್ಪು ನನ್ನದು. ಓದಿದ ನಾನೇ ಎಳೆಯಿರಿ ಎಂದಿದ್ದೆ.

ಮೂಗಿನ ಒಳಪರದೆ ಹಸುವಿನ ಮೈಯಲ್ಲಿ ಬಹಳ ಸೂಕ್ಷ್ಮವಾದ ಜಾಗ. ಮೂಗುದಾರ ಕೆಲಸ ಮಾಡುವುದೇ ಆ ನೋವಿನ ಬಲದ ಮೇಲೆ. ಹೂಡುವ ಎತ್ತು, ಬೀಜದ ಹೋರಿಗಳ ಮಾತು ಬೇರೆ. ಅಲ್ಲಿ ಮನುಷ್ಯರ ಪ್ರಾಣದ ಪ್ರಶ್ನೆಯೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೂಡ ನಿಗದಿತ ಕ್ರಮದಲ್ಲಿ ಮೂಗುದಾರ ಹಾಕುವುದನ್ನು ಅಪರಾಧ ಎನ್ನುವುದಿಲ್ಲ. ನನ್ನ ವಾದ ಕರೆಯುವ ಹಸುವಿನ ಬಗ್ಗೆ ಮಾತ್ರ. ದಿನಕ್ಕೆ ಎರಡು ಸಲ ನೀವು ಪಕ್ಕದಲ್ಲಿ ಕೂತು ಕರೆಯುವ ಹಸುವಿಗೆ ಮೂಗು ಚುಚ್ಚುವ ಅಗತ್ಯವಿಲ್ಲ.

ಇದು ದಯೆಯ ಮಾತಷ್ಟೇ ಅಲ್ಲ, ಹಾಲಿನ ಲೆಕ್ಕವೂ ಹೌದು. ಕೆಚ್ಚಲು ತೊಳೆದು ನೀವಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಸೇರಿ ಹಾಲು ಇಳಿಯುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಹಸು ಹೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ರಸ ಅದನ್ನು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಬೆದರಿದ ಹಸು "ಹಾಲು ಕದೀತಾಳೆ" ಎಂದು ನೀವು ಬೈಯುವುದು ಇದಕ್ಕೇ.

ಹಾಗಾದರೆ ಹಿಡಿಯುವುದು ಹೇಗೆ? ಮುಖಕ್ಕೆ ಕಟ್ಟುವ ಹಗ್ಗದಿಂದ. ನಾವು ಅದನ್ನು ಹಾಲ್ಟರ್ ಎನ್ನುತ್ತೇವೆ. ನಾನಿದನ್ನು ಸರಿಯಾಗಿ ಕಲಿತದ್ದು ಕುದುರೆ ಹಿಡಿಯುವವರಿಂದ. ಮೊಂಡು ಕುದುರೆಯನ್ನು ಲಾರಿ ಹತ್ತಿಸಲು ಅವರು ಎಳೆದರೆ ಬಿಗಿಯುವ, ಬಿಟ್ಟರೆ ಸಡಿಲವಾಗುವ ಹಾಲ್ಟರ್ ಬಳಸುತ್ತಾರೆ. ಹಗ್ಗ ಕಿವಿಯ ಹಿಂದೆ, ಮೂಗಿನ ಮೂಳೆಯ ಮೇಲೆ ಒತ್ತುತ್ತದೆ. ಕುದುರೆ ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಹಿಡಿದವನು ಹಗ್ಗ ಸಡಿಲ ಬಿಡುತ್ತಾನೆ. ಮುಂದೆ ಬಂದರೆ ಆರಾಮ ಎಂದು ಕುದುರೆ ಕಲಿಯುವುದು ಆ ಸಡಿಲದಿಂದ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಲೇ ಇದ್ದರೆ ಅದು ಕಲಿಯುವುದು ಒಂದೇ: ಇನ್ನೂ ಜೋರಾಗಿ ಹಿಂದಕ್ಕೆ ಜಗ್ಗುವುದು. ಹಸುವಿನದೂ ಇದೇ ಕತೆ. ನಾನೂರು ಐನೂರು ಕೆ.ಜಿ. ತೂಕದ ಹಸುವಿನ ಜೊತೆ ಎಳೆದಾಟದಲ್ಲಿ ನಾವು ಗೆಲ್ಲುವುದಿಲ್ಲ, ನಾಲ್ಕು ಗಂಡಸರೂ ಗೆಲ್ಲುವುದಿಲ್ಲ. ಸರಿಯಾದ ಹೊತ್ತಿಗೆ ಬಿಡುವುದಕ್ಕೆ ತೋಳ್ಬಲ ಬೇಕಿಲ್ಲ, ಗಮನ ಬೇಕು. ಅದು ನಿಮ್ಮಲ್ಲಿದೆ.

ಸುಮಾರು 12 ಅಡಿ ಉದ್ದದ, ಹೆಬ್ಬೆರಳು ದಪ್ಪದ ನೂಲಿನ ಹಗ್ಗ ಸಾಕು. ತೆಳ್ಳನೆ ನೈಲಾನ್ ಬೇಡ, ಚರ್ಮ ಕೊಯ್ಯುತ್ತದೆ. ಮೂಗಿನ ಮೇಲಿನ ಸುತ್ತು ಕಣ್ಣಿಗೂ ಹೊಳ್ಳೆಗೂ ನಡುವೆ, ಗಟ್ಟಿ ಮೂಳೆಯ ಮೇಲೆ ಕೂರಬೇಕು. ಕೆಳಗೆ ಜಾರಿದರೆ ಉಸಿರು ಕಟ್ಟುತ್ತದೆ. ಬಿಗಿಯುವ ಭಾಗ ದವಡೆಯ ಕೆಳಗೆ ಬರಲಿ. ಎರಡು ಮೂರು ತಿಂಗಳ ಕರುವಿನಿಂದಲೇ ದಿನಕ್ಕೆ ಹತ್ತು ನಿಮಿಷ ನಡೆಸಿ. ನೇರ ಮುಂದಕ್ಕೆ ಎಳೆಯುವ ಬದಲು ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಜಗ್ಗಬೇಡಿ, ಹದವಾಗಿ ಹಿಡಿದು ನಿಲ್ಲಿ. ಒಂದು ಕಾಲು ಎತ್ತಿಟ್ಟರೆ ಹಗ್ಗ ಬಿಡಿ, ಕುತ್ತಿಗೆ ಕೆರೆಯಿರಿ.

ಹಾಲ್ಟರ್‌ನಿಂದಲೂ ಅಪಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಎಳೆದರೆ ಬಿಗಿಯುವ ಹಗ್ಗವನ್ನು ಗೂಟಕ್ಕೆ ಕಟ್ಟಿ ಬಿಟ್ಟುಹೋಗಬೇಡಿ. ಹಸು ಬೆದರಿ ಜಗ್ಗಿದರೆ ಸಡಿಲಿಸಲು ಅಲ್ಲಿ ಯಾರೂ ಇರುವುದಿಲ್ಲ. ಬೆಳೆಯುವ ಕರುವಿನ ಮುಖದಲ್ಲಿ ಅದನ್ನು ತಿಂಗಳುಗಟ್ಟಲೆ ಬಿಟ್ಟರೆ ಚರ್ಮದೊಳಗೆ ಹೂತುಹೋಗುತ್ತದೆ. ಕೆಲಸವಾದ ಮೇಲೆ ಬಿಚ್ಚಿ. ಕುತ್ತಿಗೆಗೆ ಜಾರುಗಣ್ಣಿ ಯಾವತ್ತೂ ಬೇಡ. ಮುಖ್ಯವಾಗಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಹಸು ಓಡಿದರೆ ಬೆರಳು ಹೋಗುತ್ತದೆ.

"ಇಷ್ಟೆಲ್ಲ ಪುರುಸೊತ್ತು ಯಾರಿಗಿದೆ ಡಾಕ್ಟ್ರೇ?" ಎಂದು ನೀವು ಕೇಳುವುದು ಸರಿ. ಹತ್ತು ನಿಮಿಷವೂ ನಿಮ್ಮ ಮನೆಗೆಲಸದ ನಡುವಿನಿಂದಲೇ ಬರಬೇಕು. ಆದರೆ ಒಮ್ಮೆ ಕಲಿತ ಕಡಸು ಮುಂದೆ ಗರ್ಭಧಾರಣೆಗೆ, ಲಸಿಕೆಗೆ, ಚಿಕಿತ್ಸೆಗೆ ನಿಮ್ಮೊಬ್ಬರ ಕೈಯಲ್ಲೇ ನಿಲ್ಲುತ್ತದೆ. ಬೇರೆಯವರನ್ನು ಕಾಯುವ ಗಂಟೆಗಳು ಉಳಿಯುತ್ತವೆ.

ಇನ್ನು ಗಾಡಿ ಹತ್ತಿಸುವ ಮಾತು. ಹಸುವಿಗೆ ಎರಡೂ ಪಕ್ಕ ಬಹುದೂರ ಕಾಣುತ್ತದೆ, ಬೆನ್ನ ಹಿಂದೆ ನೇರಕ್ಕೆ ಕಾಣುವುದಿಲ್ಲ. ಅಲ್ಲಿ ನಿಂತು ಕೂಗಿದರೆ ಬೆದರಿ ಒದೆಯುತ್ತದೆ. ಭುಜದಿಂದ ಸ್ವಲ್ಪ ಹಿಂದೆ, ಪಕ್ಕದಲ್ಲಿ ನಿಂತರೆ ತಾನೇ ಮುಂದೆ ಸಾಗುತ್ತದೆ. ಬಿಸಿಲಿನಿಂದ ಕತ್ತಲೆಯ ಗಾಡಿಯೊಳಗೆ ಕಾಲಿಡಲು ಅದಕ್ಕೆ ಭಯ, ಆದ್ದರಿಂದ ಒಳಗೆ ಬೆಳಕು ಬೀಳುವಂತೆ ಗಾಡಿ ನಿಲ್ಲಿಸಿ. ನೆಲ ಜಾರದಂತೆ ಹುಲ್ಲು ಹಾಸಿ. ಅಲುಗಾಡುವ ಹಲಗೆಗಿಂತ ಮಣ್ಣಿನ ದಿಬ್ಬಕ್ಕೆ ಗಾಡಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸುವುದು ಮೇಲು. ಮೂಸಿ ನೋಡಲು ಎರಡು ನಿಮಿಷ ಬಿಡಿ. ಬಾಲ ತಿರುಚಬೇಡಿ, ಮೂಳೆ ಮುರಿಯುತ್ತದೆ. ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ 1978ರ ಸಾಗಣೆ ನಿಯಮಗಳ ಪ್ರಕಾರ ಬೇಕು. ಅದಕ್ಕೆ ಬಂದಾಗಲೇ ಹತ್ತಿಸುವ ವಿಚಾರವನ್ನೂ ನಮ್ಮನ್ನು ಕೇಳಿ.

ಕೊನೆಗೊಂದು ಕೋರಿಕೆ. ನಿಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬೋನಸ್, ದರದ ಮಾತಿನ ಜೊತೆ ಇದನ್ನೂ ಎತ್ತಿ: ಟ್ರೆವಿಸ್ ಪಕ್ಕದಲ್ಲಿ ಗಾಡಿಯ ಎತ್ತರಕ್ಕೆ ಒಂದು ಕಲ್ಲು ಮಣ್ಣಿನ ದಿಬ್ಬ ಮತ್ತು ಹಾಲ್ಟರ್ ಕಟ್ಟುವುದನ್ನು ಕಲಿಸಲು ಒಂದು ಮಧ್ಯಾಹ್ನ. ಖರ್ಚು ದೊಡ್ಡದಲ್ಲ. ಕಲಿಸಲು ನಿಮ್ಮ ವೈದ್ಯರನ್ನೇ ಕರೆಯಿರಿ. ಗಂಡಸರು ಇದ್ದಾರಾ ಎಂದು ಅವರು ಕೇಳಿದರೆ, "ನಾವಿದ್ದೀವಿ, ಹಗ್ಗ ತನ್ನಿ" ಎನ್ನಿ.