ಮೂರು ಕೀ ಇದ್ದರೆ ಸಾಕಾ?

ಕ್ಯಾಂಪಸ್ಸಿನಲ್ಲಿ ಕ್ರಿಪ್ಟೋ ಮಾತು ಬಂದ್ರೆ ಬೆಲೆ ಏರಿತಾ, ಇಳಿತಾ ಅನ್ನೋದರಲ್ಲೇ ಮುಗಿಯುತ್ತೆ. ಕೀ ಎಲ್ಲಿಟ್ಟಿದ್ದೀಯ ಅಂತ ಯಾರೂ ಕೇಳಲ್ಲ. ಯುಪಿಐನಲ್ಲಿ ಮೋಸ ಹೋದ್ರೆ 1930ಕ್ಕೆ ಫೋನ್ ಮಾಡಿ ದುಡ್ಡು ತಡೆಹಿಡಿಸೋ ಅವಕಾಶವಾದ್ರೂ ಇದೆ. ಬಿಟ್‌ಕಾಯಿನ್‌ನಲ್ಲಿ ಪ್ರೈವೇಟ್ ಕೀ ಯಾರ ಕೈಲಿದೆಯೋ ದುಡ್ಡು ಅವರ ಕೈಲಿ. ಹೋದದ್ದನ್ನು ವಾಪಸ್ ತರಿಸೋ ಮ್ಯಾನೇಜರ್ ಅಲ್ಲಿಲ್ಲ.

ಇಷ್ಟು ಮುಖ್ಯವಾದ ಕೀ ಎಷ್ಟೋ ಸಲ ಇರೋದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ತುಂಬಿರೋ ಲ್ಯಾಪ್‌ಟಾಪಿನಲ್ಲಿ. ಅದರ ಜೊತೆ ಬರೋ ಮಾಲ್‌ವೇರ್ ಕೀ ಫೈಲನ್ನೇ ಕದಿಯಬಹುದು. ಇಲ್ಲವೇ ನಾವು ಕಾಪಿ ಮಾಡಿದ ವಿಳಾಸದ ಬದಲು ಕಳ್ಳನ ವಿಳಾಸ ಪೇಸ್ಟ್ ಆಗುವಂತೆ ಮಾಡಬಹುದು.

ಇದಕ್ಕೆ ಎಲ್ಲರೂ ಹೇಳೋ ಮದ್ದು ಮಲ್ಟಿಸಿಗ್. ಬ್ಯಾಂಕ್ ಲಾಕರ್ ಇದ್ದ ಹಾಗೆ: ಬ್ಯಾಂಕಿನವರದ್ದೊಂದು ಕೀಲಿ, ನಮ್ಮದೊಂದು, ಎರಡೂ ಸೇರಿದ್ರೇ ಬಾಗಿಲು ತೆರೆಯೋದು. ಮೂರು ಕೀಗಳಲ್ಲಿ ಯಾವುದಾದರೂ ಎರಡರ ಸಹಿ ಬೇಕು ಅಂತ ನಿಯಮ ಇಟ್ಟರೆ, ಒಂದು ಲ್ಯಾಪ್‌ಟಾಪ್ ಕೆಟ್ಟವರ ಕೈಗೆ ಹೋದ್ರೂ ಸಿಗೋದು ಒಂದೇ ಸಹಿ.

ಹಾಗಾದ್ರೆ ಕೀ ಹೆಚ್ಚಾದಷ್ಟೂ ಭದ್ರವಾ? ಅಲ್ಲ ಅನ್ನೋದು ನಮ್ಮ ವಾದ. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್ ಕಳೆದುಕೊಂಡ ಸುಮಾರು 23 ಕೋಟಿ ಡಾಲರ್ ಇದ್ದದ್ದು ಮಲ್ಟಿಸಿಗ್ ವಾಲೆಟ್‌ನಲ್ಲೇ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜಿನಿಂದ ಸುಮಾರು 150 ಕೋಟಿ ಡಾಲರ್ ಹೋಯ್ತು. ಬೈಬಿಟ್‌ನಲ್ಲಿ ಕೀ ಕದಿಯೋ ಅಗತ್ಯವೇ ಬೀಳಲಿಲ್ಲ. ವಾಲೆಟ್ ಒದಗಿಸುತ್ತಿದ್ದ ಸಂಸ್ಥೆಯ ಡೆವಲಪರ್ ಒಬ್ಬರ ಕಂಪ್ಯೂಟರ್ ಮೂಲಕ ದಾಳಿಕೋರರು ನುಗ್ಗಿ, ವಾಲೆಟ್ ಪುಟದ ಕೋಡನ್ನೇ ಬದಲಿಸಿದ್ರು. ಸ್ಕ್ರೀನ್ ಮೇಲೆ ಕಂಡದ್ದು ಮಾಮೂಲಿ ವರ್ಗಾವಣೆ. ಸಹಿ ಬಿದ್ದದ್ದು ವಾಲೆಟ್‌ನ ಹಿಡಿತವನ್ನೇ ಬಿಟ್ಟುಕೊಡೋದಕ್ಕೆ.

ಪುಟ ತಿರುಗಿಸಿಯೂ ನೋಡದೆ ಲ್ಯಾಬ್ ರೆಕಾರ್ಡಿಗೆ ಬೀಳೋ ಸಹಿ ನಮಗೆಲ್ಲ ಗೊತ್ತು. ಅಂಥ ಸಹಿ ಹತ್ತಿದ್ರೂ ಪರಿಶೀಲನೆ ಸೊನ್ನೆಯೇ.

ಆದ್ದರಿಂದ ಎಣಿಸಬೇಕಾದ್ದು ಕೀಗಳನ್ನಲ್ಲ, ಅವು ಒಂದರಿಂದೊಂದು ಎಷ್ಟು ದೂರ ಇವೆ ಅನ್ನೋದನ್ನ. ಮೂರೂ ಕೀಗಳ ಬ್ಯಾಕಪ್ ಒಂದೇ ಗೂಗಲ್ ಡ್ರೈವ್‌ನಲ್ಲಿದ್ರೆ ಕಳ್ಳನಿಗೆ ಅದು ಒಂದೇ ಕೀ. ಬೇರೆ ಬೇರೆ ಸಾಧನ, ಬೇರೆ ಬೇರೆ ಜಾಗ ಇರಲಿ. ಕಳಿಸೋ ವಿಳಾಸ, ಮೊತ್ತ ಎರಡನ್ನೂ ಹಾರ್ಡ್‌ವೇರ್ ವಾಲೆಟ್‌ನ ಸ್ವಂತ ಸ್ಕ್ರೀನ್ ಮೇಲೆ ಓದಿ. ಓದಿ ಅರ್ಥವಾಗದಿದ್ದರೆ ಸಹಿ ಹಾಕಬೇಡಿ.

ನಾಳೆ ಇಂಥ ವಾಲೆಟ್‌ಗಳಿಗೆ ಕೋಡ್ ಬರೆಯೋರು ನಮ್ಮಲ್ಲೇ ಕೆಲವರು ಇರ್ತಾರೆ. ಸಹಿ ಹಾಕೋರಿಗೆ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆ ಅಂತ ಅರ್ಥವಾಗೋ ಹಾಗೆ ತೋರಿಸೋದೂ ಸೆಕ್ಯುರಿಟಿಯೇ, ಇನ್ನೊಂದು ಕೀ ಸೇರಿಸೋದಕ್ಕಿಂತ ಮೊದಲು ಮಾಡಬೇಕಾದ ಕೆಲಸ.