ಹೊಲದ ವಿಷ ಮಲಗೋ ಮನೆಗೆ ಬೇಡ

ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ. ಬಂದವರಿಗೆ ನಾಲ್ಕು ದಿನ ಕೋಣೆ ಬಾಡಿಗೆಗೆ ಕೊಡುವ ತಳಕು ಸೀಮೆಯವರು ಒಂದು ಮಾತು ಕೇಳಿ.

ಹಾಸಿಗೆ ಗಂಟಿನ ಜೊತೆ ತಿಗಣೆಯೂ ಬರುತ್ತೆ. ಹಾಗಂತ ಶೇಂಗಾ ಬೆಳೆಗೆ ತಂದ ಔಷಧಿಯನ್ನೇ ಗೋಡೆಗೆ ಹೊಡೆಯೋದು ಸರಿಯೇ? ಕಾಳಿಗಿಡುವ ಗುಳಿಗೆಯಂತೂ ಬೇಡವೇ ಬೇಡ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತೆ. ಮಲಗಿದವರು ಏಳದೇ ಹೋದಾರು.

ಮಂಚದ ಸಂದು, ಹಾಸಿಗೆಯ ಹೊಲಿಗೆ ಹುಡುಕಿ. ಸಂದಿಗೆ ಕುದಿಯುವ ನೀರು ಹೊಯ್ಯಿರಿ, ಹೊದಿಕೆಯನ್ನೂ ಅದರಲ್ಲೇ ಅದ್ದಿ. ಗೋಡೆಯ ಬಿರುಕು ಮೆತ್ತಿ. ಉಳಿದ ಮೊಟ್ಟೆ ಮರಿಯಾಗುತ್ತೆ. 15 ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಕೋಣೆ ಖಾಲಿ ಬಿಟ್ಟರೆ ಸಾಯುತ್ತೆ ಅಂತ ಸುಮ್ಮನಿರಬೇಡಿ, ರಕ್ತ ಸಿಗದಿದ್ದರೂ ತಿಗಣೆ ತಿಂಗಳುಗಟ್ಟಲೆ ಬದುಕೀತು.

ಕೆಲಸ ಹೆಚ್ಚು, ನಿಜ. ಆದರೆ ನಮ್ಮನ್ನು ನಂಬಿ ಮಲಗಿದವರ ಜೀವ ಬಾಡಿಗೆ ಕಾಸಿಗಿಂತ ದೊಡ್ಡದು.