ಸಾರಥಿಯಿಲ್ಲದ ರಂಗ

ಮೂಡಲಪಾಯ ಬಯಲಾಟದಲ್ಲಿ ವೇಷಧಾರಿಯು ರಂಗಕ್ಕೆ ಬಂದೊಡನೆ ಕಥೆ ಮುಂದೆ ಸಾಗುವುದಿಲ್ಲ. ಭುಜಕೀರ್ತಿ ಕಿರೀಟಗಳನ್ನು ಧರಿಸಿ, ಹಲಗೆ ನಡುಗುವಂತೆ ಕುಣಿದು ನಿಂತವನು ದೇವೇಂದ್ರನೇ ಆಗಿರಲಿ, ಹಿರಣ್ಯಕಶಿಪುವೇ ಆಗಿರಲಿ, ಸಾರಥಿಯು ಅವನನ್ನು ತಡೆದು ವಿಚಾರಿಸುತ್ತಾನೆ. ಬಂದವರು ಯಾರು? ನಾಮಧೇಯವೇನು? ಯಾವ ಕಾರಣದಿಂದ ಈ ಸಭೆಗೆ ಬಂದದ್ದಾಯಿತು? ಮೂರು ಲೋಕಗಳನ್ನು ಗೆದ್ದವನೂ ಈ ಬಡ ಸಾರಥಿಗೆ ಉತ್ತರ ಹೇಳಿಯೇ ಮುಂದಿನ ಹೆಜ್ಜೆ ಇಡಬೇಕು. ಜಗಳೂರು, ಚನ್ನಗಿರಿಗಳ ಕಡೆಯ ಹಿರಿಯರಿಗೆ ಈ ಪದ್ಧತಿ ಹೊಸದಲ್ಲ.

ಆ ಹಿರಿಯರ ಮೊಮ್ಮಕ್ಕಳು ಇಂದು ಅಂಗೈಯಗಲದ ಪರದೆಯ ಮೇಲೆ ಬೇರೊಂದು ವೀರರ ಆಟವನ್ನು ನೋಡುತ್ತಿದ್ದಾರೆ. ಅಮೆರಿಕದ ಸಂಸ್ಥೆಗಳಿಂದ ತಯಾರಾಗಿ, 2019ರ ಜುಲೈ ತಿಂಗಳಿನಿಂದ ಅಮೆಜಾನ್ ಪ್ರೈಮ್ ವಿಡಿಯೋದ ಮೂಲಕ ಪ್ರಸಾರಕ್ಕೆ ಬಂದ ‘ದಿ ಬಾಯ್ಸ್’ ಎಂಬ ಧಾರಾವಾಹಿಯು ಅಂಥವುಗಳಲ್ಲಿ ಮುಖ್ಯವಾದುದು. ಹೊನ್ನಾಳಿಯ ಬಸ್ ನಿಲ್ದಾಣದಲ್ಲಾಗಲಿ, ನ್ಯಾಮತಿಯ ಹೋಟೆಲಿನಲ್ಲಾಗಲಿ ಇದನ್ನು ನೋಡಿದ ಇಬ್ಬರು ತರುಣರು ಕಲೆತರೆ ಒಂದು ವಾದ ಹುಟ್ಟುವುದು ಸಹಜ. ಇದು ರಾಜಕೀಯದ ಮಾತನ್ನಾಡುವ ಕಥೆಯೇ, ಅಥವಾ ರಕ್ತವನ್ನು ಧಾರಾಳವಾಗಿ ಹರಿಸಿ ಕಾಲಹರಣ ಮಾಡಿಸುವ ಬರಿಯ ಕಟ್ಟುಕಥೆಯೇ?

ಕಥೆಯ ಮೂಲ ಒಂದು ಚಿತ್ರಕಥಾಮಾಲೆ. ಗಾರ್ತ್ ಎನ್ನಿಸ್ ಬರೆದು, ಡಾರಿಕ್ ರಾಬರ್ಟ್‌ಸನ್ ಚಿತ್ರಿಸಿದ ಆ ಮಾಲೆ 2006ರಿಂದ 2012ರವರೆಗೆ ಪ್ರಕಟವಾಯಿತು. ಅದನ್ನು ಕಿರುತೆರೆಗೆ ಅಳವಡಿಸಿದವರು ಎರಿಕ್ ಕ್ರಿಪ್ಕಿ. ಈ ಲೋಕದಲ್ಲಿ ಆಕಾಶದಲ್ಲಿ ಹಾರುವ, ಕಣ್ಣಿನಿಂದ ಬೆಂಕಿ ಸೂಸುವ ವೀರರಿದ್ದಾರೆ. ಆದರೆ ಅವರೆಲ್ಲರೂ ಒಂದು ದೊಡ್ಡ ಕಂಪನಿಯ ಸಂಬಳದಾಳುಗಳು. ಕಂಪನಿಯು ಅವರ ಚಲನಚಿತ್ರಗಳನ್ನು ತೆಗೆಯುತ್ತದೆ, ಗೊಂಬೆಗಳನ್ನು ಮಾರುತ್ತದೆ, ಅವರ ಅಪರಾಧಗಳನ್ನು ಮುಚ್ಚಿಹಾಕುತ್ತದೆ. ಇವರ ಶಕ್ತಿ ದೈವದತ್ತವೆಂದು ಜನರನ್ನು ನಂಬಿಸಲಾಗಿದೆ. ನಿಜಾಂಶವೆಂದರೆ ಅದು ಪ್ರಯೋಗಶಾಲೆಯ ಒಂದು ಔಷಧದ ಫಲ. ಹಸುಗೂಸುಗಳ ಮೈಗೆ ಅದನ್ನು ಏರಿಸಲಾಗಿದೆ. ಕಥೆಯ ಆರಂಭದಲ್ಲಿಯೇ ಅತಿವೇಗದ ಒಬ್ಬ ವೀರನು ಬೀದಿಯಂಚಿನಲ್ಲಿ ನಿಂತಿದ್ದ ಯುವತಿಯನ್ನು ಹಾದುಹೋಗಿ ನುಚ್ಚುನೂರು ಮಾಡುತ್ತಾನೆ. ಆಕೆಯ ಪ್ರಿಯಕರನ ಕೈಯಲ್ಲಿ ಉಳಿಯುವುದು ಆಕೆಯ ಎರಡು ಕೈಗಳು ಮಾತ್ರ. ಕಂಪನಿಯು ಅವನ ಮುಂದೆ ಹಣವನ್ನೂ, ಬಾಯಿ ಬಿಡುವುದಿಲ್ಲವೆಂಬ ಕರಾರುಪತ್ರವನ್ನೂ ಇಡುತ್ತದೆ.

ವೀರಕಥೆಗಳಿಗೆ ರಾಜಕೀಯದ ಸಂಬಂಧ ಇದೀಗ ಬಂದಿತೆಂದು ತಿಳಿಯುವವರು ಇತಿಹಾಸವನ್ನು ಮರೆತವರು. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಯಹೂದಿ ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್ ತನ್ನ ಮೊದಲ ಸಂಚಿಕೆಯಲ್ಲಿಯೇ ಹೆಂಡತಿಯನ್ನು ಬಡಿಯುವ ಗಂಡನನ್ನು ದಂಡಿಸಿ, ಶಾಸನಸಭೆಯ ಸದಸ್ಯನನ್ನು ಒಳಗೊಂಡ ಭ್ರಷ್ಟಾಚಾರದ ಜಾಡನ್ನು ಹಿಡಿಯುತ್ತಾನೆ. 1941ರ ಮಾರ್ಚ್ ತಿಂಗಳ ಹೆಸರಿನಲ್ಲಿ ಹೊರಬಂದ ಕ್ಯಾಪ್ಟನ್ ಅಮೆರಿಕ ಪತ್ರಿಕೆಯ ಮುಖಪುಟದಲ್ಲಿ ವೀರನು ಹಿಟ್ಲರನ ದವಡೆಗೆ ಗುದ್ದುವ ಚಿತ್ರವಿತ್ತು. ಅಮೆರಿಕವು ಯುದ್ಧಕ್ಕೆ ಇಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ! ಹೀಗೆ ವೀರನು ಹುಟ್ಟಿದ್ದೇ ಒಂದು ಪಕ್ಷವನ್ನು ಹಿಡಿದು. ಬಡವರ ಪಕ್ಷ ಹಿಡಿದ ಬಲಶಾಲಿ ಎಂಬುದು ಅಂದಿನ ಕನಸು. ಆ ಬಲಶಾಲಿಯು ತನ್ನ ಪಕ್ಷವನ್ನೇ ಹಿಡಿದುಕೊಂಡರೆ ಗತಿಯೇನು ಎಂಬುದು ಇಂದಿನ ದುಃಸ್ವಪ್ನ.

ಆ ದುಃಸ್ವಪ್ನದ ಹೆಸರು ಹೋಮ್‌ಲ್ಯಾಂಡರ್. ರಾಷ್ಟ್ರಧ್ವಜವನ್ನೇ ಮೇಲುಹೊದಿಕೆಯಾಗಿ ಧರಿಸಿದ, ಮಂದಹಾಸ ಮಾಸದ, ಎದುರಿಲ್ಲದ ವೀರ. ಮೊದಲ ಭಾಗದಲ್ಲಿ ಅವನು ಅಪಹೃತವಾದ ವಿಮಾನವೊಂದನ್ನು ರಕ್ಷಿಸಲು ಹೋಗಿ, ತನ್ನ ಅವಸರದಿಂದಲೇ ಅದರ ಯಂತ್ರವನ್ನು ಕೆಡಿಸುತ್ತಾನೆ. ಬಳಿಕ, ಬದುಕಿದವರು ಸಾಕ್ಷಿ ಹೇಳಿಯಾರೆಂದು, ಬೇಡಿಕೊಳ್ಳುವ ಪ್ರಯಾಣಿಕರನ್ನೆಲ್ಲ ಸಾಯಲು ಬಿಟ್ಟು ಹಾರಿಹೋಗುತ್ತಾನೆ. ಅಷ್ಟರಲ್ಲಿ ಮುಗಿಯಲಿಲ್ಲ. ಹೆಣಗಳು ತೇಲಿಬಂದ ದಡದಲ್ಲಿ ನಿಂತು, ವೀರರನ್ನು ಸೈನ್ಯಕ್ಕೆ ಸೇರಿಸಿದ್ದರೆ ಇಂಥ ಅನಾಹುತ ಆಗುತ್ತಿರಲಿಲ್ಲವೆಂದು ಆವೇಶದಿಂದ ಭಾಷಣ ಮಾಡುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವುದು ಹಳೆಯ ಮಾತು. ಮೇಯ್ದ ಬೇಲಿಯು ಇನ್ನೂ ಎತ್ತರದ ಬೇಲಿ ಬೇಕೆಂದು ಹಠ ಹಿಡಿಯುವುದು ಹೊಸದು.

ಇದರಲ್ಲಿ ರಾಜಕೀಯವಿಲ್ಲವೆಂದು ಹೇಳುವವರಿಗೆ ಕರ್ತೃವೇ ಆಧಾರ ಉಳಿಸಿಲ್ಲ. ಹೋಮ್‌ಲ್ಯಾಂಡರನ ಚಿತ್ರಣದಲ್ಲಿ ಡೊನಾಲ್ಡ್ ಟ್ರಂಪ್ ಅವರ ಛಾಯೆಯಿದೆಯೆಂದು ಕ್ರಿಪ್ಕಿ 2022ರಲ್ಲಿ ಬಹಿರಂಗವಾಗಿ ಒಪ್ಪಿದರು. 2024ರ ಜುಲೈ 13ರಂದು ಟ್ರಂಪ್ ಅವರ ಮೇಲೆ ಗುಂಡಿನ ದಾಳಿ ನಡೆದಾಗ, ಐದು ದಿನಗಳ ಬಳಿಕ ಬರಲಿದ್ದ ನಾಲ್ಕನೆಯ ಭಾಗದ ಕಡೆಯ ಕಂತಿನ ಶೀರ್ಷಿಕೆಯಲ್ಲಿ ಹತ್ಯೆಯ ಮಾತಿದ್ದುದರಿಂದ ಅದನ್ನು ತೆಗೆದುಹಾಕಬೇಕಾಯಿತು. ಕಥೆಯೂ ವಾರ್ತೆಯೂ ಅಷ್ಟು ಹತ್ತಿರಕ್ಕೆ ಬಂದಿದ್ದವು.

ಆದರೂ ಇಷ್ಟನ್ನೇ ಸಂದೇಶವೆಂದು ಕೈತೊಳೆದುಕೊಂಡರೆ ಕಥೆಯ ಅರ್ಧವನ್ನು ಓದಿದಂತೆ. ದೂರದ ದೇಶದ ಒಬ್ಬ ನಾಯಕನ ಅಣಕವೇ ಇದರ ಸರ್ವಸ್ವವಾಗಿದ್ದರೆ ಚನ್ನಗಿರಿಯ ಅಡಕೆ ತೋಟದ ತರುಣನಿಗೆ ಇದರಿಂದ ಆಗಬೇಕಾದುದೇನು? ಮೂರನೆಯ ಭಾಗದ ಕಡೆಯ ದೃಶ್ಯವನ್ನು ನೆನೆಯಬೇಕು. ಹೋಮ್‌ಲ್ಯಾಂಡರ್ ತನ್ನ ಮಗನನ್ನು ಅಭಿಮಾನಿಗಳ ಗುಂಪಿಗೆ ಪರಿಚಯಿಸುತ್ತಿರುವಾಗ, ವಿರೋಧಿಯೊಬ್ಬನು ಆ ಹುಡುಗನ ಕಡೆಗೆ ಒಂದು ಡಬ್ಬಿಯನ್ನು ಎಸೆಯುತ್ತಾನೆ. ಮರುಕ್ಷಣದಲ್ಲಿ ಹೋಮ್‌ಲ್ಯಾಂಡರನ ಕಣ್ಣಿನ ಬೆಂಕಿಗೆ ಅವನ ತಲೆ ಸಿಡಿದುಹೋಗುತ್ತದೆ. ಹಾಡುಹಗಲು, ಸಾವಿರ ಕಣ್ಣುಗಳು. ಗುಂಪು ಒಂದು ಕ್ಷಣ ಸ್ತಬ್ಧವಾಗುತ್ತದೆ. ಬಳಿಕ ಒಬ್ಬನು ಜಯಘೋಷ ಮಾಡುತ್ತಾನೆ, ಎಲ್ಲರೂ ದನಿಗೂಡಿಸುತ್ತಾರೆ. ಅಷ್ಟು ಹೊತ್ತು ಒಳಗೊಳಗೇ ಅಂಜಿದ್ದ ಕೊಲೆಗಾರನ ಮುಖದಲ್ಲಿ ನಿಧಾನವಾಗಿ ನಗೆ ಅರಳುತ್ತದೆ, ಮಗನ ಮುಖದಲ್ಲಿಯೂ. ಕಥೆಯ ರಾಜಕೀಯ ಸಂದೇಶವಿರುವುದು ಆ ಒಂದು ಕ್ಷಣದ ಮೌನದಲ್ಲಿ. ಆಗ ಯಾರಾದರೂ ಒಬ್ಬನು ಅಯ್ಯೋ ಎಂದಿದ್ದರೆ ಮುಂದಿನದು ಬೇರೆಯಾಗಬಹುದಿತ್ತು. ಈ ಧಾರಾವಾಹಿಯು ಕಟಕಟೆಯಲ್ಲಿ ನಿಲ್ಲಿಸುವುದು ವೀರನೊಬ್ಬನನ್ನಲ್ಲ, ಚಪ್ಪಾಳೆ ತಟ್ಟಿದವರನ್ನು.

ಭಸ್ಮಾಸುರನ ಕಥೆ ತಿಳಿದ ಕನ್ನಡಿಗರಿಗೆ ಇದು ಪರಕೀಯವಾಗಬೇಕಿಲ್ಲ. ವರವನ್ನು ಕೊಡುವುದು ಸುಲಭ. ಕೊಟ್ಟವನ ತಲೆಯ ಮೇಲೆಯೇ ಕೈ ಬಂದಾಗ ಓಡುವುದು ಕಷ್ಟ. ಕಂಪನಿಯ ಔಷಧವೆಂಬುದು ಈ ಕಾಲದ ವರ. ಅದನ್ನು ಎದುರಿಸಲು ಹೊರಟ ಸಾಮಾನ್ಯ ಹುಡುಗರ ತಂಡವೂ ಮೂರನೆಯ ಭಾಗದಲ್ಲಿ ತಾತ್ಕಾಲಿಕ ಶಕ್ತಿ ನೀಡುವ ಔಷಧಕ್ಕೆ ಕೈಚಾಚಿ ಕೆಡುಕನ್ನು ತಂದುಕೊಳ್ಳುತ್ತದೆ. ಮೋಹಿನಿಯ ಜಾಣತನ ಅವರಿಗೆ ಹೊಳೆಯುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ವೀರನೆಂಬ ಮಾತಿಗೆ ಬೇರೊಂದು ಅರ್ಥವಿತ್ತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಕನ್ನಡನಾಡಿನ ಊರೂರುಗಳಲ್ಲಿ ನಿಂತ ವೀರಗಲ್ಲುಗಳು ಗೆದ್ದು ಆಳಿದವರಿಗಿಂತ ಹೆಚ್ಚಾಗಿ ತುರುಗಳನ್ನು, ಊರನ್ನು ಕಾಯುತ್ತ ಸತ್ತವರನ್ನು ನೆನೆಯುತ್ತವೆ. 1997ರವರೆಗೆ ಜಗಳೂರು ಸೇರಿದ್ದ ಚಿತ್ರದುರ್ಗ ಜಿಲ್ಲೆಯು ಇಂದಿಗೂ ಕೊಂಡಾಡುವುದು ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಓಬವ್ವನನ್ನು. ಅವಳಲ್ಲಿ ಅತಿಮಾನುಷವಾದುದು ಧೈರ್ಯವೊಂದೇ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಬಂಜಾರರು ಭಕ್ತಿಯಿಂದ ನೆನೆಯುವ ಸಂತ ಸೇವಾಲಾಲರ ಪವಾಡಗಳು ತಾಂಡಾದ ಹಿತಕ್ಕಾಗಿ ನಡೆದವೆಂದು ಜನರ ನಂಬಿಕೆ, ಸಿಂಹಾಸನಕ್ಕಾಗಿ ಅಲ್ಲ. ಶಕ್ತಿಯನ್ನು ಜನರು ಪೂಜಿಸಿದ್ದುಂಟು. ಆದರೆ ಆ ಶಕ್ತಿ ಯಾರಿಗಾಗಿ ಸವೆಯಿತೆಂಬ ಲೆಕ್ಕವನ್ನೂ ಇಟ್ಟಿದ್ದರು.

ಆಳೆತ್ತರದ ಹತ್ತು ಪಟ್ಟು ಚಿತ್ರಫಲಕಗಳನ್ನು ನಿಲ್ಲಿಸಿ, ಹಾಲಿನ ಅಭಿಷೇಕ ಮಾಡಿ, ತಾರೆಯನ್ನೂ ಮುಖಂಡನನ್ನೂ ಒಂದೇ ಬಗೆಯಾಗಿ ಆರಾಧಿಸುವ ಕಾಲದಲ್ಲಿ ಆ ಲೆಕ್ಕ ತಪ್ಪುವ ಭಯವಿದೆ. 1949ರ ನವೆಂಬರ್ 25ರಂದು ಸಂವಿಧಾನಸಭೆಯಲ್ಲಿ ಮಾತನಾಡಿದ ಡಾ. ಬಿ. ಆರ್. ಅಂಬೇಡ್ಕರ್ ಅವರು, ಧರ್ಮದಲ್ಲಿ ಭಕ್ತಿಯು ಆತ್ಮದ ಮೋಕ್ಷಕ್ಕೆ ದಾರಿಯಾಗಬಹುದಾದರೂ ರಾಜಕೀಯದಲ್ಲಿ ವ್ಯಕ್ತಿಭಕ್ತಿಯು ಅಧಃಪತನಕ್ಕೂ ಕಡೆಗೆ ಸರ್ವಾಧಿಕಾರಕ್ಕೂ ದಾರಿಯೆಂದು ಎಚ್ಚರಿಸಿದ್ದರು. ‘ದಿ ಬಾಯ್ಸ್’ ಕಂತುಕಂತಾಗಿ ವಿಸ್ತರಿಸಿ ತೋರಿಸಿದ್ದು ಹೆಚ್ಚುಕಡಿಮೆ ಆ ಒಂದು ಎಚ್ಚರಿಕೆಯನ್ನೇ.

ಧಾರಾವಾಹಿಗೆ ದೋಷಗಳಿಲ್ಲವೆಂದಲ್ಲ. ಹಿಂಸೆಯನ್ನು ಖಂಡಿಸುತ್ತಲೇ ಅದು ಹಿಂಸೆಯ ರುಚಿಯನ್ನು ಹತ್ತಿಸುತ್ತದೆ. ಎಳೆಯರ ಕಣ್ಣಿಗೆ ಬೀಳತಕ್ಕುದಲ್ಲ. ದೈತ್ಯ ಕಂಪನಿಗಳನ್ನು ಹಂಗಿಸುವ ಈ ಕಥೆಯನ್ನು ತಯಾರಿಸಿ ಮಾರುತ್ತಿರುವುದು ಜಗತ್ತಿನ ದೈತ್ಯ ಕಂಪನಿಗಳಲ್ಲಿ ಒಂದು. ಇನ್ನೂ ವಿಚಿತ್ರವೆಂದರೆ, ಹೋಮ್‌ಲ್ಯಾಂಡರನನ್ನೇ ನಿಜವಾದ ನಾಯಕನೆಂದು ಮೆಚ್ಚಿಕೊಂಡ ಪ್ರೇಕ್ಷಕರೂ ಉಂಟು. ತಮ್ಮನ್ನೇ ಅಣಕಿಸಿದ್ದೆಂದು ಅಂಥ ಕೆಲವರಿಗೆ ಬಹು ತಡವಾಗಿ ತಿಳಿಯಿತು. ಬಯಲಾಟದ ಪ್ರೇಕ್ಷಕನೂ ರಾಕ್ಷಸನ ಪ್ರವೇಶಕ್ಕೆ ಕೇಕೆ ಹಾಕುತ್ತಿದ್ದನು. ಆದರೆ ಬೆಳಗಿನ ಜಾವಕ್ಕೆ ಅವನು ಬೀಳತಕ್ಕವನೆಂಬುದನ್ನು ಮರೆಯುತ್ತಿರಲಿಲ್ಲ.

ಆದ್ದರಿಂದ ಹೋಟೆಲಿನ ಮೇಜಿನ ಬಳಿ ವಾದಿಸುವ ತರುಣರಿಬ್ಬರಲ್ಲಿ ರಾಜಕೀಯವಿದೆಯೆಂದವನೇ ಗೆದ್ದನು. ಆದರೆ ಗೆದ್ದವನ ಹೊಣೆ ಅಲ್ಲಿಗೆ ತೀರುವುದಿಲ್ಲ. ಮುಂದಿನ ಸಲ ಅವನ ಊರಿನ ಮಾರಿಗುಡಿಯ ಮುಂದೆ ಧೂಳೆಬ್ಬಿಸಿಕೊಂಡು ಸಾಲುವಾಹನಗಳು ಬಂದು ನಿಂತು, ಹೂಮಾಲೆಯ ಭಾರದಿಂದ ಬಾಗಿದ ಕೊರಳಿನ ಮಹನೀಯರೊಬ್ಬರು ಕೆಳಗಿಳಿಯುವರು. ಪಟಾಕಿ ಸಿಡಿಯುವುದು, ಜಯಕಾರ ಮೊಳಗುವುದು. ಅದು ಕ್ಷಣಮಾತ್ರ ತಗ್ಗಿದಾಗ, ಗುಂಪಿನ ನಡುವಿನಿಂದ ಒಬ್ಬನಾದರೂ ಸಾರಥಿಯ ದನಿಯಲ್ಲಿ ಕೇಳಬೇಕು:

ಬಂದವರು ಯಾರು? ಬಂದ ಕಾರಣವೇನು?